ಹತ್ತು ಲಕ್ಷದ ಮೇಲೊಂದು

ಸೊಸೆ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಕೈಕಟ್ಟಿ ಕೂತಳು. ಮೌಲ್ಯಮಾಪನದ ಕೋಣೆಯಲ್ಲಿ ಗಣಿತದ ಮೇಷ್ಟ್ರುಗಳೆಲ್ಲ ತಲೆ ತಗ್ಗಿಸಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಎದುರಿನ ದೊಡ್ಡ ಮೇಜಿನಲ್ಲಿ ಮುಖ್ಯ ಪರೀಕ್ಷಕಿ, ಅಂದರೆ ಅವಳ ಅತ್ತೆ. ಪ್ರಶ್ನೆ ತೆಗೆದದ್ದೂ ಮಾದರಿ ಉತ್ತರ ಬರೆದದ್ದೂ ಅವರೇ. ಅವರೆದುರು ಉಸಿರೆತ್ತುವವರು ಇಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ.

10,00,001 ಅವಿಭಾಜ್ಯ ಸಂಖ್ಯೆಯೇ ಎಂಬುದು ಪ್ರಶ್ನೆ. ಹೌದು, ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಅದನ್ನು ಶೇಷವಿಲ್ಲದೆ ಭಾಗಿಸಲಾಗದು ಎನ್ನುತ್ತಿತ್ತು ಮಾದರಿ ಉತ್ತರ. ಸೊಸೆಯ ಮುಂದಿದ್ದ ಪತ್ರಿಕೆಯಲ್ಲಿ ಯಾವುದೋ ಮಗು 'ಅಲ್ಲ' ಎಂದು ಬರೆದು, 101ನ್ನು 9901ರಿಂದ ಗುಣಿಸಿ ತೋರಿಸಿತ್ತು. ಈ ಎರಡು ಅಂಕ ಸಿಕ್ಕರೆ ಅದು ಪಾಸು, ಇಲ್ಲದಿದ್ದರೆ ಒಂದು ವರ್ಷ ಮಣ್ಣುಪಾಲು.

ಎಡವಟ್ಟು ಎಲ್ಲಿ ಆಯಿತೆಂದು ಅವಳಿಗೆ ಗೊತ್ತಿತ್ತು. ಶಾಲೆಯ ಗೋಡೆಯ ಮೇಲೆ ನೂರರೊಳಗಿನ ಅವಿಭಾಜ್ಯಗಳ ಪಟ್ಟಿ ಇರುತ್ತದೆ, ಕೊನೆಯದು ತೊಂಬತ್ತೇಳು. ಅಲ್ಲಿಯವರೆಗೆ ಭಾಗಿಸಿ ನೋಡಿ ಕೈತೊಳೆದುಕೊಳ್ಳುವುದು ಮೇಷ್ಟ್ರುಗಳ ಅಭ್ಯಾಸ. ನಿಜಕ್ಕೂ ಇದರ ವರ್ಗಮೂಲದವರೆಗೆ, ಅಂದರೆ ಸಾವಿರದವರೆಗೂ ಹೋಗಬೇಕು, ಯಾರು ಹೋಗುತ್ತಾರೆ? ಈ ಸಂಖ್ಯೆಯೂ ಮಹಾ ಕಳ್ಳ. ಪಟ್ಟಿ ಮುಗಿಯುವವರೆಗೆ ಸಂಭಾವಿತನಂತೆ ಕೂತಿದ್ದು, ಅದರಾಚೆಯ ಮೊದಲ ಅವಿಭಾಜ್ಯ ನೂರಾ ಒಂದಕ್ಕೇ ಸಿಕ್ಕಿಬೀಳುತ್ತದೆ.

"ಯಾಕೆ ನಿಲ್ಲಿಸಿದೆ?" ಎಂದರು ಅತ್ತೆ.

"ಇದಕ್ಕೆ ಸೊನ್ನೆ ಕೊಡಲ್ಲ ಮೇಡಂ. ಮಾದರಿ ಉತ್ತರ ತಪ್ಪಿದೆ."

ಕೋಣೆಯ ಪೆನ್ನುಗಳೆಲ್ಲ ನಿಂತವು. ಉತ್ತರ ಎಲ್ಲ ಕೇಂದ್ರಗಳಿಗೂ ಹೋಗಿಯಾಗಿದೆ, ಅದರಂತೆ ಅಂಕ ಹಾಕು, ಆಗದಿದ್ದರೆ ಪರೀಕ್ಷಕರ ಪಟ್ಟಿಯಿಂದ ಹೆಸರು ತೆಗೆಸುತ್ತೇನೆ ಎಂದರು ಅತ್ತೆ. ಪಕ್ಕದ ಮೇಷ್ಟ್ರು ಸುಮ್ಮನಿರಮ್ಮ ಎಂದು ಕಣ್ಣಲ್ಲೇ ಬೇಡಿಕೊಂಡರು. ಸೊಸೆಗೆ ಭಯವಾಯಿತು. ಆದರೂ ಎದ್ದು ಹೋಗಿ ಪತ್ರಿಕೆಯನ್ನು ಅತ್ತೆಯ ಮುಂದಿಟ್ಟಳು.

"ತೆಗೆಸಿ. ಆದ್ರೆ ಮೊದಲು ನೀವೇ ಒಂದ್ಸಲ ನೂರಾ ಒಂದರಿಂದ ಭಾಗಿಸಿ ನೋಡಿ."

ಅತ್ತೆ ಭಾಗಿಸಿದರು. ಶೇಷ ಸೊನ್ನೆ. ಇನ್ನೊಮ್ಮೆ ಭಾಗಿಸಿದರು. ಅವರ ಕಿವಿ ಕೆಂಪಾಯಿತು.

"ಸಂಜೆ ಮನೇಲಿ ಹೇಳಿದ್ರಾಗ್ತಿರಲಿಲ್ವಾ?" ದನಿ ತಗ್ಗಿಸಿ ಕೇಳಿದರು.

"ಮನೇಲಿ ಹೇಳಿದ್ರೆ ಅದು ಸೊಸೆ ಮಾತಾಗ್ತಿತ್ತು ಅತ್ತೆ. ಇಲ್ಲಾದ್ರೆ ಲೆಕ್ಕ."

ಅತ್ತೆ ಕೆಂಪು ಪೆನ್ನು ಎತ್ತಿಕೊಂಡರು. ಮಾದರಿ ಉತ್ತರದ ಮೇಲೆ ಅಡ್ಡಗೆರೆ ಎಳೆದು ಎದ್ದು ನಿಂತರು. ತಪ್ಪು ನನ್ನದು, ಬೆಳಗ್ಗೆಯಿಂದ ತಿದ್ದಿದ್ದನ್ನೆಲ್ಲ ಮತ್ತೆ ನೋಡಬೇಕು, ಬೇರೆ ಕೇಂದ್ರಗಳಿಗೆ ನಾನೇ ಫೋನ್ ಮಾಡುತ್ತೇನೆ ಎಂದರು. ಮೇಷ್ಟ್ರುಗಳು ಗೊಣಗುತ್ತ ಸೊಸೆಯನ್ನು ದುರುಗುಟ್ಟಿ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.

ತಿದ್ದಿ ಕಟ್ಟಿಟ್ಟಿದ್ದ ಮೊದಲ ಕಟ್ಟನ್ನು ಅತ್ತೆಯೇ ಎಳೆದುಕೊಂಡರು. ದಾರದ ಗಂಟು ಬಿಗಿಯಾಗಿತ್ತು. ಬಿಚ್ಚಲು ಸೊಸೆ ಕೈ ಚಾಚಿದಳು. ಅತ್ತೆ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಅಷ್ಟೂ ಜನರ ಎದುರಿಗೇ, ಗಂಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು.