ತುದಿಯ ಕುರ್ಚಿ, ಕೊನೆಯ ದ್ವಿಪದಿ

ಮುಂದಿನ ಸಾಲಿನ ತುದಿಯ ಕುರ್ಚಿಯನ್ನು ಖಾಲಿ ಬಿಡಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆಯನ್ನು ಸ್ಮರಣ ಸಮಿತಿಯವರು ಸಭೆಯ ಮೇಲೆ ಸಭೆ ನಡೆಸಿ ಇತ್ಯರ್ಥ ಮಾಡಿದರು. ಯುದ್ಧ ಸಾರುವ ಮಂತ್ರಿಗಳೂ ಇಷ್ಟು ತಲೆ ಕೆಡಿಸಿಕೊಂಡಿರಲಾರರು. ಬಿಡಬೇಕು, ಮೇಲೆ ಅವಳದೇ ಬೂದು ಶಾಲು ಹಾಸಬೇಕು ಎಂದಾಯಿತು. ಹೋದ ವರ್ಷ ತೀರಿಕೊಂಡ ಉರ್ದು ಕವಯಿತ್ರಿ, ತನ್ನ ಗಜಲು ಹಾಡುತ್ತಿದ್ದ ಗಾಯಕಿಯ ಪ್ರತಿ ಕಛೇರಿಯಲ್ಲೂ ಅಲ್ಲೇ ಕೂರುತ್ತಿದ್ದಳು. ಏಕೆ ತಪ್ಪದೆ ಬಂದು ಕೂರುತ್ತಿದ್ದಳು ಎಂಬುದನ್ನು ಮಾತ್ರ ಸಮಿತಿ ಚರ್ಚಿಸಲಿಲ್ಲ. ಗಾಯಕಿಗೆ ಅದು ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದಳು.

ಕವಯಿತ್ರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವಳು. ಬೋರ್ಡಿನ ತೂತುಗಳಿಗೆ ತಂತಿ ಸಿಕ್ಕಿಸಿ ದಿನವಿಡೀ ಯಾರದೋ ಮಾತನ್ನು ಇನ್ನಾರಿಗೋ ಮುಟ್ಟಿಸುತ್ತ, ನಡುವೆ ಸಿಕ್ಕ ಬಿಡುವಿನಲ್ಲಿ ಗಜಲು ಕಟ್ಟುತ್ತಿದ್ದಳು. ಮನೆ ಹೆಣ್ಣಿನ ಹೆಸರು ಅಚ್ಚಾಗಕೂಡದೆಂದು ಅಣ್ಣಂದಿರು ಹಟ ಹಿಡಿದದ್ದರಿಂದ ಪುಸ್ತಕವೊಂದೂ ಬರಲಿಲ್ಲ. ಗಜಲುಗಳು ಗಾಯಕಿಯ ಗಂಟಲಿನಲ್ಲಿ ಬದುಕಿದವು. ಹೆಸರಿಗೆ ಉಳಿದದ್ದು ಒಂದೇ ಜಾಗ. ವಚನಕ್ಕೆ ಅಂಕಿತವಿದ್ದಂತೆ ಗಜಲಿಗೆ ಮಕ್ತಾ ಇರುತ್ತದೆ. ಕವಿ ತನ್ನ ಕಾವ್ಯನಾಮವನ್ನು ಹೆಣೆಯುವ ಕೊನೆಯ ದ್ವಿಪದಿ.

ಎಲ್ಲರೂ ಮೆಚ್ಚಿದ ಒಂದು ಗಜಲಿನಲ್ಲಿ ಗಾಯಕಿ ಬಿಟ್ಟದ್ದು ಅದನ್ನೇ. ಮೊದಲ ಸಲ ಕ್ಯಾಸೆಟ್ಟಿನವನು "ಉದ್ದ ಆಯ್ತು, ಕೊನೇದು ತೆಗೀರಿ" ಎಂದ. ಆಮೇಲೆ ವೇದಿಕೆಯಲ್ಲೂ ಅದೇ ರೂಢಿಯಾಯಿತು. ನಾಲ್ಕನೆಯ ದ್ವಿಪದಿಯಲ್ಲಿ ದನಿ ಮೇಲಕ್ಕೇರಿ ಇಳಿಯುತ್ತಲೇ ಚಪ್ಪಾಳೆ ಬೀಳುತ್ತಿತ್ತು. ಅದರ ಮೇಲೆ ಇನ್ನೊಂದು ಹಾಡುವುದೆಂದರೆ ಉಂಡು ಕೈತೊಳೆದವರಿಗೆ ಮತ್ತೆ ಬಡಿಸಲು ನಿಂತ ಹಾಗೆ. ಜನ ಅದನ್ನು ಗಾಯಕಿಯ ಗಜಲೆಂದೇ ಕರೆದರು. ತಿದ್ದಬೇಕೆಂದು ಅವಳಿಗೂ ಅನ್ನಿಸುತ್ತಿತ್ತು. ಅನ್ನಿಸಿದ್ದಷ್ಟೇ.

ಸ್ಮರಣೆಯ ಈ ಕಛೇರಿಯಲ್ಲಾದರೂ ಹಾಡಿಯೇ ತೀರುವುದೆಂದು ಹಾರ್ಮೋನಿಯಂ ಮುಂದೆ ಕೂತರೆ ಮಕ್ತಾ ಮರೆತೇಹೋಗಿತ್ತು. ಕೊನೆಗೆ ಕವಯಿತ್ರಿಯ ತಂಗಿಯ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದಳು.

"ಅಕ್ಕಾ, ಆ ಗಜಲಿನ ಕೊನೇದು ನಿಮಗೆ ಬರುತ್ತಲ್ವಾ?"

ಹೊಲಿಗೆ ಯಂತ್ರ ನಿಲ್ಲಲಿಲ್ಲ. "ಇಷ್ಟು ವರ್ಷ ಭಾರ ಆಗಿದ್ದು ಈಗ ಬೇಕಾಯ್ತಾ?"

"ನಂಗೂ ನಾಚಿಕೆ ಆಗುತ್ತಕ್ಕ. ಬೈದುಬಿಡಿ ಬೇಕಾದ್ರೆ."

"ಬೈದ್ರೆ ನಿಂಗೆ ಹಗುರ ಆಗುತ್ತೆ. ಅದಕ್ಕೇ ಬೈಯಲ್ಲ." ತಂಗಿ ದಾರ ಕಡಿದಳು. "ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು ನಿನ್ನ ಕಛೇರಿಗೆ ಹೊರಡ್ತಿದ್ಳು ನಮ್ಮಕ್ಕ, ಮಾರಾಯ್ತಿ. 'ಇವತ್ತು ಹಾಡ್ತಾಳೆ ನೋಡು' ಅಂತಿದ್ಳು. ವಾಪಸ್ ಬಂದು, 'ಪಾಪ, ಗಂಟಲು ದಣಿದಿತ್ತು ಕಣೇ' ಅಂತ ನಿನ್ನ ಪರವಾಗಿ ವಕಾಲತ್ತು ಬೇರೆ."

ಗಾಯಕಿ ಗೋಡೆಗೆ ತೂಗುಹಾಕಿದ್ದ ಯಾರದೋ ತೋಳಿಲ್ಲದ ಕೋಟನ್ನು ನೋಡಿದಳು. ತಂಗಿ ಆ ಎರಡು ಸಾಲು ಹೇಳಿದಳು, ಗಾಯಕಿಯ ನಾಲಿಗೆಗೆ ಕೂರುವವರೆಗೂ ಹೇಳಿಸಿದಳು. ಊರಿನ ಬಾಗಿಲು ಬಾಗಿಲಿಗೂ ಕರೆ ಮುಟ್ಟಿಸಿದವಳು ನಾನು, ನನ್ನ ಹೆಸರು ಹಿಡಿದು ಕರೆಯುವವರು ಯಾರಾದರೂ ಇದ್ದೀರಾ ಎಂಬುದು ಅದರ ತಾತ್ಪರ್ಯ.

"ನಾನೂ ಬರ್ತೀನಿ. ಕುರ್ಚಿ ಪಕ್ಕ ಕೂರ್ತೀನಿ," ಎಂದಳು ತಂಗಿ.

ಗಾಯಕಿಯ ಜೊತೆ ತಬಲಾ ನುಡಿಸುತ್ತಿದ್ದ ಮಾವನಿಗೆ ಈ ಸುದ್ದಿ ಮುಟ್ಟಿದಾಗ ಅವನು ಹಣೆ ಚಚ್ಚಿಕೊಂಡ. "ನಂಗೆ ಹೇಳಿ ಏನು ಬಂತಮ್ಮಾ, ನನ್ನ ಬೆರಳಿಗೆ ಹೇಳು. ನಾಲ್ಕನೇದು ಆಗ್ತಿದ್ದ ಹಾಗೆ ಅವು ಗಂಟುಮೂಟೆ ಕಟ್ಟಿಬಿಡ್ತವೆ."

"ಮಾವಾ, ತಮಾಷೆ ಬೇಡ. ಚಪ್ಪಾಳೆ ಬಿದ್ರೂ ನಿಲ್ಲಿಸಬೇಡಿ."

"ನಾನು ನಿಲ್ಲಿಸಲ್ಲ. ನೀನು ನೋಡ್ಕೋ."

ಆ ಸಂಜೆ ಸಭಾಂಗಣ ತುಂಬಿತ್ತು. ಕವಯಿತ್ರಿ ಬದುಕಿದ್ದಾಗ ಅವಳನ್ನು ಗುರುತಿಸದಿದ್ದವರೆಲ್ಲ ಅವಳ ಕುರ್ಚಿಗೆ ಕೈಮುಗಿದು ಮುಂದೆ ಹೋದರು. ಅಧ್ಯಕ್ಷರು ಅವಳ ಪರಂಪರೆ ಅಮರವೆಂದು ಹಲವು ಸಲ ಹೇಳಿದರು. ಒಂದು ಸಾಲನ್ನೂ ಉದ್ಧರಿಸಲಿಲ್ಲ. ಗಾಯಕಿ ಹಾಡಿದಳು. ನಾಲ್ಕನೆಯ ದ್ವಿಪದಿ ಏರಿತು, ಇಳಿಯಿತು, ಚಪ್ಪಾಳೆ ಬಿತ್ತು.

ತಬಲಾ ನಿಲ್ಲಲಿಲ್ಲ. ಮಾವ ಮೆಲ್ಲಗೆ ನುಡಿಸುತ್ತ ಕಣ್ಣಲ್ಲೇ "ಹೂಂ" ಎಂದ. ಗಾಯಕಿಯಲ್ಲಿ ಉಸಿರಿತ್ತು, ಸಾಲು ನಾಲಿಗೆಯ ಮೇಲಿತ್ತು. ಶಾಲಿನ ಪಕ್ಕ ತಂಗಿ ಮುಂದಕ್ಕೆ ಬಾಗಿದ್ದಳು. ಆದರೆ ಇಂಥ ಚಪ್ಪಾಳೆಯನ್ನು ಗಾಯಕಿ ಈಚೆಗೆ ಕೇಳಿರಲಿಲ್ಲ. ಒಂದು ಗಳಿಗೆ ಕೇಳಿಬಿಡೋಣ, ಆಮೇಲೆ ಹಾಡಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ರೂಢಿಬಿದ್ದ ಕೈ ತಾನಾಗಿ ಹಣೆಗೆ ಹೋಯಿತು. ವಂದನೆ ಕಂಡ ಜನ ಎದ್ದು ನಿಂತರು. ಅಧ್ಯಕ್ಷರು ಹೂಗುಚ್ಛ ತಂದರು. ಆಗಲೂ "ಸ್ವಲ್ಪ ಕೂತ್ಕೊಳ್ಳಿ, ಇನ್ನೊಂದಿದೆ" ಎನ್ನಬಹುದಿತ್ತು. ಅವಳು ಹೂಗುಚ್ಛ ಹಿಡಿಯಲು ಎರಡೂ ಕೈ ಚಾಚಿದಳು. ತಬಲಾ ನಿಂತಿತು.

ತಂಗಿ ಬೂದು ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಗಾಯಕಿ ಮಕ್ತಾ ಹಾಡಲಿಲ್ಲ.