ಒಂದಿಂಚು ಹತ್ತು ಸೆಂಟು

ಲಾಡ್ಜಿನ ಮೂರನೇ ಮಹಡಿಯ ಮೂಲೆ ರೂಮಿನಿಂದ ಸಮುದ್ರ ಕಾಣುತ್ತದೆಯೋ ಇಲ್ಲವೋ ಎಂಬ ಗಹನವಾದ ಪ್ರಶ್ನೆ ಇತ್ಯರ್ಥವಾಗುವವರೆಗೆ ಸೂಟ್‌ಕೇಸಿನ ಬೀಗ ತೆಗೆಯುವುದಿಲ್ಲವೆಂದು ಜಾವಳಿಯ ಕಾಫಿ ಬೆಳೆಗಾರ ಮಂಜಯ್ಯನವರು ಘೋಷಿಸಿದರು. ಮಗಳು ಗಗನಾ ಫೋನಿನಲ್ಲೇ ಮಲ್ಪೆಯ ಈ ರೂಮು ಬುಕ್ ಮಾಡಿಕೊಟ್ಟಾಗ ಅದರಲ್ಲಿ 'ಸೀ ವ್ಯೂ' ಎಂದು ಸ್ಪಷ್ಟವಾಗಿ ಬರೆದಿತ್ತು. ಕಿಟಕಿ ತೆರೆದರೆ ಕಂಡದ್ದು ಎದುರಿನ ಲಾಡ್ಜಿನ ಬಾಲ್ಕನಿ, ಅದರ ಕಂಬಿಯ ಮೇಲೆ ಒಣಗಲು ಹಾಕಿದ ಒಂದು ಇಡೀ ಕುಟುಂಬದ ಒದ್ದೆ ಚಡ್ಡಿಗಳು.

ಕೌಂಟರಿನ ಮೋಹಿತ್ ಕೊರಳಿಗೆ ಟೈ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡಿದ್ದ. ಇಂಥ ತಕರಾರುಗಳನ್ನು ದಿನಾ ಕೇಳುವವನ ಸಮಾಧಾನದಲ್ಲಿ ಅವನು ಬಾತ್‌ರೂಮಿನ ಬಾಗಿಲು ತೆರೆದು, ಬಕೆಟ್ಟನ್ನು ವೆಂಟಿಲೇಟರಿನ ಕೆಳಗೆ ಬೋರಲು ಹಾಕಿದ.

"ಇಲ್ಲಿಂದ ಕಾಣ್ತದೆ ಸರ್. ವ್ಯೂ ಉಂಟು. ಎಲ್ಲರೂ ಇಲ್ಲಿಂದಲೇ ನೋಡುದು."

ಮಂಜಯ್ಯನವರು ಇದಕ್ಕೆ ತಕ್ಕ ಉತ್ತರ ಹುಡುಕುತ್ತಿರುವಾಗ ಅವರ ಹೆಂಡತಿ ಶಂಕರಮ್ಮನವರು ಗಂಡನ ಭುಜ ಹಿಡಿದು ಬಕೆಟ್ ಹತ್ತಿಬಿಟ್ಟರು. ಕೆಳಗೆ ವಾದ ಮುಂದುವರಿಯಿತು. ಬಾಡಿಗೆ ಕೊಟ್ಟವರು ಸರ್ಕಸ್ಸಿನವರಲ್ಲ ಎಂದು ಮಂಜಯ್ಯನವರು ಹೇಳಿದರು. ಹಿಂದಿನ ವಾರ ಹಾಸನದ ಜಡ್ಜೊಬ್ಬರು ಇದೇ ಬಕೆಟ್ ಹತ್ತಿ ಮೆಚ್ಚಿಕೊಂಡರೆಂದು ಮೋಹಿತ್ ಹೇಳಿದ. ಮೇಲೆ ಶಂಕರಮ್ಮನವರು ವೆಂಟಿಲೇಟರಿಗೆ ಮುಖ ಒತ್ತಿ ನೋಡಿದರು. ನಾಲ್ಕು ಹೆಂಚಿನ ಮಾಡು, ಒಂದು ಸಿಂಟೆಕ್ಸ್ ಟ್ಯಾಂಕು, ಎರಡು ತೆಂಗಿನ ಮರಗಳ ಸಂದಿಯಲ್ಲಿ, ಸೀರೆಯ ಅಂಚಿನಷ್ಟು ಅಗಲದ ನೀರು. ಆದರೆ ಅದು ಶಂಕರಮ್ಮನವರು ಎಣಿಸಿದ್ದ ಜಾಗದಲ್ಲಿ ಇರಲಿಲ್ಲ. ಸಮುದ್ರವೆಂದರೆ ಕೆರೆಯ ಹಾಗೆ ತಗ್ಗಿನಲ್ಲಿ ಮಲಗಿರುತ್ತದೆಂದು ಅವರು ತಿಳಿದಿದ್ದರು.

"ರೀ," ಎಂದರು ಕೊನೆಗೆ, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ. "ಅದು ಕೆಳಗಿಲ್ಲ. ಎದ್ದು ನಿಂತಿದೆ."

ಶಂಕರಮ್ಮನವರು ಐವತ್ತೆಂಟು ವರ್ಷ ಸಮುದ್ರ ನೋಡದೆ ಉಳಿದದ್ದಕ್ಕೆ ದೂರ ಕಾರಣವಲ್ಲ. ಬೆಳಿಗ್ಗೆ ತಿಂಡಿ ತಿಂದು ಚಾರ್ಮಾಡಿ ಘಾಟಿ ಇಳಿದರೆ ಮಧ್ಯಾಹ್ನದ ಊಟ ಸಮುದ್ರದ ಎದುರಲ್ಲಿ ಮಾಡಬಹುದು. ಕಾರಣ ಕಾಫಿ. ಡಿಸೆಂಬರಿನಲ್ಲಿ ಹಣ್ಣಿನ ಕೊಯ್ಲು, ಜನವರಿಯಲ್ಲಿ ಕಣದ ಕಾವಲು, ಫೆಬ್ರವರಿಯಿಂದ ಹೂಮಳೆಗೆ ಕಾಯುವುದು, ಹೂವಾದ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆಗೆ ಕಾಯುವುದು, ಜೂನಿನಿಂದ ಮುಂದೆ ಮಳೆ ನಿಲ್ಲಲೆಂದು ಕಾಯುವುದು. ಧರ್ಮಸ್ಥಳಕ್ಕೇನೋ ಎಷ್ಟೋ ಸಲ ಬಂದಿದ್ದರು. ಪ್ರತಿ ಸಲವೂ ದರ್ಶನ, ಊಟ ಮುಗಿಸಿ ಹೊರಗೆ ಬಂದೊಡನೆ ಮಂಜಯ್ಯನವರು ಘಟ್ಟದ ಕಡೆಗೆ ತಿರುಗಿ ಆಕಾಶ ನೋಡುತ್ತಿದ್ದರು. ಮೋಡ ಹಾಕುತ್ತಿದೆ, ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಿದ್ದರು. ಸಮುದ್ರ ಅವರ ಮಾತು ಉಳಿಸಿಕೊಂಡಿತ್ತು. ಓಡಿಹೋದದ್ದು ವರ್ಷಗಳು. ಈ ಸಲ ಕಾಲು ನೆನೆಸದೆ ಮನೆಗೆ ಬರುವುದಿಲ್ಲವೆಂದು ಶಂಕರಮ್ಮನವರು ಯಾರಿಗೂ ಹೇಳದೆ ತೀರ್ಮಾನಿಸಿದ್ದರು.

ಆದರೆ ಅದು ಮಾರ್ಚ್ ತಿಂಗಳು, ಹೂಮಳೆ ಇನ್ನೂ ಬಂದಿರಲಿಲ್ಲ. ಹೂಮಳೆಯ ನಿಯಮ ಕಟ್ಟುನಿಟ್ಟು. ಒಂದು ಇಂಚು ಬಿದ್ದರೆ ಬೆಳೆಗಾರ ಮಗ್ಗುಲು ಬದಲಿಸಿ ನಿದ್ದೆ ಮಾಡಬಹುದು. ಅಂಗಳದಲ್ಲಿ ಡಬ್ಬ ಇಟ್ಟು, ಇಂಚನ್ನು ನೂರು ಸೆಂಟು ಮಾಡಿ ಮಳೆ ಅಳೆಯುವ ಆ ಸೀಮೆಯಲ್ಲಿ ಮೂವತ್ತು, ನಲವತ್ತು ಸೆಂಟು ಬಿದ್ದರೆ ಮಳೆ ಬಾರದಿದ್ದುದಕ್ಕಿಂತ ಕಷ್ಟ. ಮೊಗ್ಗು ಎಚ್ಚರಗೊಂಡು, ನೀರು ಸಾಲದೆ, ಅರ್ಧ ಬಿಚ್ಚಿ ಒಣಗುತ್ತದೆ. ತಡಮಾಡದೆ ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆದು ಕೊರತೆ ತುಂಬಬೇಕು. ಮಂಜಯ್ಯನವರು ಸ್ಪ್ರಿಂಕ್ಲರ್ ಕೆಲಸವನ್ನು ಇದುವರೆಗೆ ಯಾರ ಕೈಗೂ ಬಿಟ್ಟವರಲ್ಲ. ಬೇರೆಯವರು ಹೊಡೆದರೆ ನಡುವೆ ಒಣ ತುಂಡು ಉಳಿಯುತ್ತದೆಂಬುದು ಅವರ ನಂಬಿಕೆ. ಹಾಗಾಗಿ ಚಾರ್ಮಾಡಿಯ ತಿರುವುಗಳಲ್ಲೇ ಅವರು ಷರತ್ತು ಹೇಳಿಯಾಗಿತ್ತು: ಕಮ್ಮಿ ಮಳೆ ಎಂದು ಫೋನ್ ಬಂದರೆ, ಊಟದ ಎಲೆ ಮುಂದೆ ಕೂತಿದ್ದರೂ ಸರಿ, ಎದ್ದು ಹೊರಡುವುದು.

ಫೋನ್ ಬಂದಾಗ ಅವರು ರೂಮಿನಲ್ಲಿರಲಿಲ್ಲ. ನಲ್ಲಿಯ ಬಿಸಿನೀರು ಬಿಸಿಯಾಗಿಲ್ಲವೆಂದು ಹೇಳಲು ಕೆಳಗೆ ಹೋಗಿದ್ದರು. ಹಂಡೆಯಲ್ಲಿ ಕುದಿಯುವ ನೀರು ಕಂಡವರಿಗೆ ಲಾಡ್ಜಿನ ಗೀಜರು ಅವಮಾನವೆನಿಸುತ್ತದೆ. ಮಲ್ಪೆಯ ಸೆಕೆಯಲ್ಲಿ ಬಿಸಿನೀರು ಕೇಳುವ ಮನುಷ್ಯ ಮೋಹಿತನಿಗೆ ಒಗಟೆನಿಸಿದ್ದ. ಚಾರ್ಜಿಗೆ ಹಾಕಿದ್ದ ಫೋನನ್ನು ಶಂಕರಮ್ಮನವರು ಎತ್ತಿದರು. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಪ್ರಸಾದ್. ಮಧ್ಯಾಹ್ನ ಗುಡುಗಿ ಮಳೆ ಬಂತೆಂದ. ಎಷ್ಟು ಎಂದರು.

"ನಲವತ್ತು ಸೆಂಟು ಅಮ್ಮ. ಎರಡು ಸಲ ನೋಡ್ದೆ. ಸಾವ್ಕಾರ್ರಿಗೆ ಹೇಳಿ, ಇವತ್ತೇ ಹೊರಟ್ರೆ ಒಳ್ಳೇದು."

ಶಂಕರಮ್ಮನವರು ಬಕೆಟ್ಟು ಇನ್ನೂ ಬೋರಲಾಗಿದ್ದ ಬಾತ್‌ರೂಮಿನ ಕಡೆ ನೋಡಿದರು. ಆಮೇಲೆ ಕೆರೆಯಲ್ಲಿ ನೀರೆಷ್ಟಿದೆ, ಡೀಸೆಲ್ ಇದೆಯೇ, ಪೈಪ್ ಎಳೆಯಲು ಆಳು ಸಿಗುತ್ತಾರೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಬಿಸಿಲು ಮೊದಲು ಬೀಳುವ ತೋಟದ ಕೆಳಗಿನ ಬ್ಲಾಕಿನಿಂದ ಈಗಲೇ ಶುರು ಮಾಡಬೇಕು, ಒಂದು ಜಾಗ ಪೂರ್ತಿ ನೆನೆಯದೆ ಸ್ಪ್ರಿಂಕ್ಲರಿನ ಜೆಟ್ ಕದಲಿಸಬಾರದು ಎಂದರು. ಪ್ರಸಾದ್ ಎಲ್ಲಕ್ಕೂ ಹ್ಞೂಂಗುಟ್ಟಿದ.

"ಮತ್ತೆ, ಅವರು ಫೋನ್ ಮಾಡಿ ಕೇಳಿದ್ರೆ ಒಂದಿಂಚು ಹತ್ತು ಅನ್ನು."

ಆ ಸೀಮೆಯಲ್ಲಿ ಫಸಲಿನ ಬಗ್ಗೆ ಸುಳ್ಳು ಹೇಳಬಹುದು, ಕಾಫಿ ಮಾರಿದ ರೇಟಿನ ಬಗ್ಗೆ ಹೇಳಲೇಬೇಕು. ಮಳೆಯ ಬಗ್ಗೆ ಮಾತ್ರ ಯಾರೂ ಸುಳ್ಳು ಹೇಳುವುದಿಲ್ಲ. ಬೇಲಿ ವಿಚಾರಕ್ಕೆ ಕೋರ್ಟಿನಲ್ಲಿರುವ ಅಣ್ಣತಮ್ಮಂದಿರು ಕೂಡ ಬೆಳಗಾದರೆ ಫೋನ್ ಮಾಡಿ, ನಿಂಗೆಷ್ಟು, ನಂಗಿಷ್ಟು ಎಂದು ಪ್ರಾಮಾಣಿಕವಾಗಿ ಹೇಳಿಕೊಂಡು, ಮತ್ತೆ ಮಾತು ಬಿಡುತ್ತಾರೆ.

"ಅಮ್ಮ, ಮಳೆ ವಿಷ್ಯ," ಎಂದ ಪ್ರಸಾದ್.

"ಗೊತ್ತು ಮಾರಾಯ. ಪಾಪ ನಂಗಿರಲಿ, ಪೈಪ್ ನಿಂಗಿರಲಿ."

ಮಂಜಯ್ಯನವರು ಬಂದರು. ಶಂಕರಮ್ಮನವರು ಸುದ್ದಿ ಹೇಳಿದರು. ಹತ್ತು ಸೆಂಟನ್ನು ಸೇರಿಸಿದ್ದು ವಿವೇಕದ ಕೆಲಸ, ಸರಿಯಾಗಿ ಒಂದು ಇಂಚು ಬಂತೆಂದರೆ ಯಾರೂ ನಂಬುವುದಿಲ್ಲ. ಆದರೂ ಮಂಜಯ್ಯನವರು ಪ್ರಸಾದನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಅಳತೆಯನ್ನು ಅವನ ಬಾಯಲ್ಲೇ ಹೇಳಿಸಿದರು. ಹಿಂದೆ ಮೋಟಾರು ಓಡುವ ಸದ್ದು ಕೇಳಿತು. ಅದೇನೆಂದು ಕೇಳಿದರು. ಶಂಕರಮ್ಮನವರು ಟವೆಲ್ ಮಡಿಸುವುದನ್ನು ನಿಲ್ಲಿಸಿದರು.

"ಪಕ್ಕದ ತೋಟದವ್ರು ಸಾರ್. ಅವ್ರಿಗೆ ಮಳೆ ಸಾಕಾಗ್ಲಿಲ್ಲ ಅಂತೆ."

"ಛೆ, ಪಾಪ," ಎಂದರು ಮಂಜಯ್ಯನವರು, ಎಷ್ಟೋ ತಿಂಗಳಿಂದ ಕಾಣದಿದ್ದ ಉದಾರತೆಯಿಂದ.

ಅವರು ಬೀಚಿಗೆ ಹೋದಾಗ ಸೂರ್ಯ ಇನ್ನೂ ಎರಡು ಆಳೆತ್ತರದಲ್ಲಿದ್ದ. ಚುರುಮುರಿಯ ಗಾಡಿಗಳು, ಸಿಂಗಾರ ಮಾಡಿಸಿಕೊಂಡ ಬೇಸರದ ಒಂಟೆ, ಕಳೆದುಹೋದ ಮಗುವಿನ ಚಡ್ಡಿಯ ಬಣ್ಣವನ್ನು ಮೈಕಿನಲ್ಲಿ ಸಾರುವ ಪೊಲೀಸಿನವನು, ಒಬ್ಬರ ಫೋಟೋದಲ್ಲಿ ಒಬ್ಬರು ಬೀಳುವ ನೂರಾರು ಜನ. ಇವೆಲ್ಲವನ್ನೂ ದಾಟಿದರೆ ಮರಳು ಗಟ್ಟಿಯಾಯಿತು, ಮರಳು ಒದ್ದೆಯಾಯಿತು, ಆಮೇಲೆ ಜಾವಳಿಯವರಿಗೆ ಪರಿಚಯವಿದ್ದದ್ದು ಯಾವುದೂ ಉಳಿಯಲಿಲ್ಲ.

ಬೆಟ್ಟದ ಜನ ಹುಟ್ಟಿದಂದಿನಿಂದ ಅಡ್ಡ ನಿಂತ ಗುಡ್ಡಗಳನ್ನೇ ನೋಡಿರುತ್ತಾರೆ. ನೋಟ ಎಲ್ಲಿಗೆ ಹೋದರೂ ಒಂದು ಗುಡ್ಡ ಅದನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ಇಲ್ಲಿ ಹೋದ ನೋಟ ವಾಪಸ್ಸು ಬರಲಿಲ್ಲ. ಶಂಕರಮ್ಮನವರು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯನ್ನು ಕಣಕಾಲಿಗಿಂತ ಒಂದು ಗೇಣು ಮೇಲೆತ್ತಿ ನಿಂತರು. ಅಲೆ ಬಂದು ಪಾದ ಮುಚ್ಚಿತು. ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳನ್ನೂ ಮೆಲ್ಲಗೆ ಎಳೆದುಕೊಂಡು ಹೋಯಿತು. ನೆಲವೇ ಜಾರುತ್ತಿರುವಾಗ ಕೂಗಬೇಕೆನಿಸಿತು, ಕೂಗಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಗಾಳಿಗೆ ಎಂದುಕೊಂಡರು.

ಮಂಜಯ್ಯನವರು ಪ್ಯಾಂಟು ಮಡಿಸಿಕೊಂಡು ಪಕ್ಕದಲ್ಲಿ ನಿಂತಿದ್ದರು. ನೀರನ್ನು ಜೀವಮಾನವಿಡೀ ಸೆಂಟಿನಲ್ಲಿ ಅಳೆದ ಮನುಷ್ಯ. ಬಗ್ಗಿ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ಉಗುಳಿದರು.

"ಒಂದು ಗಿಡಕ್ಕೂ ಆಗಲ್ಲ ಮಾರಾಯ್ತಿ," ಎಂದರು. ದೂರುವ ದನಿಯಲ್ಲ ಅದು. ಯಾವ ಕೆಲಸಕ್ಕೂ ಬಾರದೆ ಇಷ್ಟೊಂದು ದೊಡ್ಡದಾಗಿರಲು ಸಾಧ್ಯವೆಂಬುದು ಅವರಿಗೆ ಇದುವರೆಗೆ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಇದನ್ನು ಅಳೆಯಲು ಯಾವ ಡಬ್ಬ ಇಡುವುದು ಎಂದರು. ಸೂರ್ಯ ನೀರಿಗೆ ಮುಟ್ಟುವವರೆಗೂ ಒಂದು ಸಲವೂ ಹಿಂದೆ ತಿರುಗಿ ಘಟ್ಟದ ಕಡೆ ಆಕಾಶ ನೋಡಲಿಲ್ಲ. ಅದನ್ನು ಶಂಕರಮ್ಮನವರು ಗಮನಿಸಿದರು. ಸಮುದ್ರದಷ್ಟೇ ಅದೂ ಅವರಿಗೆ ಹೊಸದು.

ಮರುದಿನ ಬೆಳಿಗ್ಗೆ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಬಾಳೂರಿನ ಗಂಗಾಧರಪ್ಪನವರು ಸಿಕ್ಕರು. ಅವರೂ ಬೆಳೆಗಾರರು, ಅದೇ ಲಾಡ್ಜಿನ ಎರಡನೇ ಮಹಡಿಗೆ ಹಿಂದಿನ ರಾತ್ರಿಯಷ್ಟೇ ಬಂದಿಳಿದವರು. ಅವರು ಹೊರಟ ಮೇಲೆ ಬಾಳೂರಿಗೆ ಮೂವತ್ತೇ ಸೆಂಟು ಬಿದ್ದ ಸುದ್ದಿ ಬೆಳಿಗ್ಗೆ ಬಂದಿತ್ತು. ಅವರ ಕೈಯಲ್ಲಿ ಕಾರಿನ ಕೀ, ಎದುರಿಗೆ ಅರ್ಧ ತಿಂದ ಬನ್ಸ್. ಹೆಂಡತಿ ಪ್ರೇಮಲತಾ ಬ್ಯಾಗುಗಳ ನಡುವೆ ಕೂತಿದ್ದರು. ಅವರಿನ್ನೂ ಬೀಚಿಗೆ ಇಳಿದಿರಲಿಲ್ಲ.

ಜಾವಳಿಗೂ ನಲವತ್ತರ ಸುಮಾರು ಎಂದು ಕೇಳಿದೆ, ನೀವೂ ಹೊರಟಿರಾ ಎಂದರು ಗಂಗಾಧರಪ್ಪನವರು.

"ನಮ್ಮಲ್ಲಿ ಒಂದಿಂಚು ಹತ್ತು," ಎಂದರು ಮಂಜಯ್ಯನವರು.

ಗಂಗಾಧರಪ್ಪನವರ ಕೈ ಬನ್ಸಿನ ಮೇಲೆ ನಿಂತಿತು. ಹೂಮಳೆ ಪಕ್ಷಪಾತಿ, ರಸ್ತೆಯ ಈ ಬದಿ ಹೊಯ್ದು ಆ ಬದಿ ಬಿಡುವುದನ್ನು ಅವರೇ ಕಂಡಿದ್ದರು. ಆದ್ದರಿಂದ ಸಂಶಯ ಪಡಲಿಲ್ಲ. ಮಠದ ಸ್ವಾಮಿಗಳನ್ನು ನೋಡುವ ಹಾಗೆ ಮಂಜಯ್ಯನವರನ್ನು ನೋಡಿದರು, ಅಷ್ಟೆ. ಮಂಜಯ್ಯನವರು ಇನ್ನೊಂದು ಪ್ಲೇಟು ಬನ್ಸ್ ಹೇಳಿದರು.

ಶಂಕರಮ್ಮನವರು ತಮ್ಮ ಪ್ಲೇಟನ್ನು ಪಕ್ಕಕ್ಕೆ ಸರಿಸಿದರು. ಸುಳ್ಳು ರೂಮಿನೊಳಗಿದ್ದಾಗ ಸಣ್ಣದಿತ್ತು. ಈಗ ಅದು ಬಾಳೂರಿಗೆ ಹೊರಟಿತ್ತು. ಸಂಜೆಯೊಳಗೆ ಕಳಸದವರೆಗೂ ಹೋಗುತ್ತದೆ. ಹೇಳಿಬಿಡೋಣವೆಂದು ಬಾಯಿ ತೆರೆದರು. ಅಷ್ಟರಲ್ಲಿ ಪ್ರೇಮಲತಾ ಅವರ ಕೈ ಹಿಡಿದು, "ನಿಮ್ಮ ಪುಣ್ಯ ಕಣ್ರೀ. ಹೇಗಿದೆ ಸಮುದ್ರ?" ಎಂದು ಕೇಳಿದರು. ಶಂಕರಮ್ಮನವರು ದೊಡ್ಡದಿದೆ ಎಂದರು. ಗಂಗಾಧರಪ್ಪನವರ ಕಾರು ಗೇಟು ದಾಟುವಾಗ ಪ್ರೇಮಲತಾರ ಮುಖ ಹಿಂದಿನ ಗಾಜಿನಲ್ಲಿ, ಸಮುದ್ರದ ಕಡೆಗೆ ತಿರುಗಿತ್ತು. ಶಂಕರಮ್ಮನವರು ನಿಜ ಹೇಳುವ ಯೋಚನೆ ಬಿಟ್ಟು ಬೀಚಿನ ದಾರಿ ಹಿಡಿದರು.

ಇನ್ನೊಂದು ದಿನವಿಡೀ ಅವರು ಅಲ್ಲಿದ್ದರು. ಮಂಜಯ್ಯನವರು ಸೊಂಟದವರೆಗೆ ನೀರಿಗಿಳಿದರು, ಅಲೆ ಕೆಡವಿದಾಗ ಎದ್ದು ನಕ್ಕರು, ಅಪರಿಚಿತರಿಗೆ ಯಾವ ಅಲೆ ದೊಡ್ಡದೆಂದು ಮುಂಚಿತವಾಗಿ ಹೇಳತೊಡಗಿದರು. ಶಂಕರಮ್ಮನವರು ಮೊಣಕಾಲುದ್ದ ನೀರಿನಲ್ಲಿ ನಿಂತು, ಸೆರಗಿನ ಮರೆಯಲ್ಲಿ ಫೋನ್ ಹಿಡಿದು, ಮೇಲಿನ ಬ್ಲಾಕಿಗೆ ಪೈಪ್ ಹೋಯಿತೇ, ಮೂಲೆಗಳು ನೆಂದವೇ ಎಂದು ಪ್ರಸಾದನನ್ನು ಕೇಳುತ್ತಿದ್ದರು. ಒಂದು ಕಿವಿಯಲ್ಲಿ ಕೆರೆಯ ಮೋಟಾರು, ಇನ್ನೊಂದರಲ್ಲಿ ಸಮುದ್ರ. ಯಾರ ಫೋನೆಂದು ಗಂಡ ದೂರದಿಂದ ಕೈಸನ್ನೆ ಮಾಡಿದರೆ, ಗಗನಾ ಎಂದು ಕೈಸನ್ನೆ ಮಾಡುತ್ತಿದ್ದರು.

ಸೋಮವಾರ ಮಧ್ಯಾಹ್ನ ಕಾರು ಜಾವಳಿಗೆ ಬಂತು. ರಸ್ತೆಯ ಎರಡೂ ಬದಿ ನೆಲ ಮತ್ತೆ ಧೂಳಾಗಿತ್ತು. ತಮ್ಮ ಗೇಟಿನೊಳಗೆ ಮಣ್ಣು ಕಪ್ಪಗಿತ್ತು. ಮಂಜಯ್ಯನವರು ಸಂತೋಷದಿಂದ ಕಾರು ನಿಲ್ಲಿಸಿ ಇಳಿದವರು, ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಸಿಲ್ವರ್ ಓಕಿನ ಕಾಂಡಗಳು ಒಂದೇ ಮಗ್ಗುಲಲ್ಲಿ, ಒಂದೇ ಎತ್ತರದವರೆಗೆ ಒದ್ದೆಯಾಗಿದ್ದವು. ಮಳೆ ಮರವನ್ನು ಹಾಗೆ ತೋಯಿಸುವುದಿಲ್ಲ.

ಅವರು ಕೆಳಗಿನ ಬ್ಲಾಕಿಗೆ ಇಳಿದರು. ಅಲ್ಲಿಂದ ಮೇಲಿನ ಬ್ಲಾಕಿಗೆ ಹತ್ತಿದರು. ಸಾಲುಸಾಲಾಗಿ ನಡೆದು, ಬಗ್ಗಿ, ಗಿಡದ ಬುಡದ ತರಗೆಲೆ ಸರಿಸಿ, ಮಣ್ಣಿಗೆ ಬೆರಳು ಚುಚ್ಚಿ ನೋಡಿದರು. ಅವರು ಹುಡುಕುತ್ತಿದ್ದದ್ದು ಒಂದು ಒಣ ತುಂಡು. ಬೇಲಿಯ ಮೂಲೆಗಳಲ್ಲೂ ಸಿಗಲಿಲ್ಲ. ನೆನೆದ ವೃತ್ತಗಳು ಒಂದರ ಮೇಲೊಂದು ಸರಿಯಾಗಿ ಕೂತಿದ್ದವು. ತುದಿಯಲ್ಲಿ ನಿಂತು ಇಡೀ ತೋಟವನ್ನು, ಮಲ್ಪೆಯಲ್ಲಿ ಮೊದಲ ಸಂಜೆ ನಿಂತಿದ್ದ ಹಾಗೇ ನೋಡಿದರು.

ವಾಪಸ್ಸು ಬಂದಾಗ ಶಂಕರಮ್ಮನವರು ಕಾರಿನಿಂದ ಇಳಿದಿರಲಿಲ್ಲ.

"ಎಷ್ಟು ಬಿದ್ದಿತ್ತು?" ಎಂದರು ಮಂಜಯ್ಯನವರು.

"ನಲವತ್ತು."

ಅವರು ಬಾಗಿಲು ಹಿಡಿದು ನಿಂತಿದ್ದರು. ಏನೋ ಹೇಳಲು ಹೊರಟಾಗ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಗಂಗಾಧರಪ್ಪನವರು. ಬಾಳೂರಿನಲ್ಲಿ ಯಾರೂ ನಂಬುತ್ತಿಲ್ಲ, ಜಾವಳಿಯಲ್ಲಿ ವಿಚಾರಿಸಿದರೆ ಎಲ್ಲರೂ ನಲವತ್ತೇ ಅನ್ನುತ್ತಾರೆ, ನಿಮ್ಮ ಅಳತೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿದೆಯೇ ನೋಡಿ ಎಂದರು. ಮಂಜಯ್ಯನವರು ಹೆಂಡತಿಯ ಮುಖ ನೋಡಿದರು. ಶಂಕರಮ್ಮನವರು ತಲೆ ತಗ್ಗಿಸಲಿಲ್ಲ.

"ಇಲ್ಲ ಗಂಗಾಧರಪ್ಪೋರೆ," ಎಂದರು ಮಂಜಯ್ಯನವರು. "ಈಗ ತೋಟ ಪೂರ್ತಿ ಸುತ್ತಿ ಬಂದೆ. ಒಂದಿಂಚು ಹತ್ತೇ."

ಮುಂದಿನ ವಾರ ಎರಡೂ ಬ್ಲಾಕಿನಲ್ಲಿ ಹೂ ಅರಳಿತು.