ಹೊಟ್ಟೆಯಿಲ್ಲದ ಹಗ್ಗ

ಬೋಟಿನ ಇಂಜಿನ್ ಎತ್ತುವುದಕ್ಕೆ ಎರಡು ತೆಂಗಿನ ಮರದ ನಡುವೆ ಬಿಗಿದ ಆ ನೀಲಿ ಹಗ್ಗ ನೇರ, ಗೆರೆ ಎಳೆದಂತೆ ನೇರ, ಗಾಳಿಗೆ ಗುಂಯ್ ಅನ್ನುತ್ತದೆ, ಬೋಟಿನ ಯಜಮಾನ ರಮಾನಂದ ಅದನ್ನು ಬೆರಳಲ್ಲಿ ಮೀಟಿ ನಗುತ್ತಾನೆ, ಕಂಡ್ಯಾ ದುರ್ಗಮ್ಮ, ನೈಲಾನು, ಮಂಗಳೂರಿಂದ ತರಿಸಿದ್ದು, ನಿನ್ನ ಕತ್ತದ ಹಗ್ಗದ ಹಾಗೆ ಕೊಳೆಯೂದಿಲ್ಲ — ಕೊಳೆತಿತ್ತಾ, ನನ್ನ ಹಗ್ಗ ಕೊಳೆತಿತ್ತಾ, ಈ ಅಂಗೈಯಲ್ಲಿ ತೆಂಗಿನ ನಾರು ಹೊಸೆದದ್ದು, ಹೋದ ವರ್ಷ ಇದೇ ಮರಗಳಿಗೆ ಹೀಗೇ ಬಿಗಿದು ಇದೇ ಇಂಜಿನ್ ಎತ್ತಿದ್ದರು, ಹರಿಯಿತು, ನನ್ನ ತಮ್ಮ ದಾಸನ ಕಾಲು ಇಂಜಿನ್ನಿನ ಅಡಿಗೆ ಸಿಕ್ಕಿತು, ಅಕ್ಕನ ಹಗ್ಗ ತಮ್ಮನ ಕಾಲು ತಿಂತು ಅಂತ ಕಾಸರಕೋಡ ಊರು ತುಂಬ ಇವನೇ ಸಾರಿದ, ದಾಸನೂ ನಂಬಿದ, ಅಂದಿನಿಂದ ನಾನಿಟ್ಟ ಗಂಜಿ ಮುಟ್ಟಿಲ್ಲ. ಬಿಗಿಯಬೇಡಿ, ನಡುವೆ ಹೊಟ್ಟೆ ಬಿಡಿ, ನಾಲ್ಕು ಮಾರು ಹಗ್ಗಕ್ಕೆ ಒಂದು ಮಾರು ಇಳಿಯಲಿ ಅಂದಿದ್ದೆ ಅವತ್ತು, ಯಾರು ಕೇಳಿದರು, ಇಳಿಬಿಟ್ಟರೆ ಹಗ್ಗಕ್ಕೆ ನೇತ ರಾಟೆ ಕೆಳಗೆ ಬರ್ತದೆ, ಇಂಜಿನ್ ಮೇಲೆ ಬರೂದಿಲ್ಲ ಅಂದರು, ಹಾಗಾದರೆ ಮರ ಹತ್ತಿ ಇನ್ನೂ ಮೇಲೆ ಕಟ್ಟಿ, ಅದಕ್ಕೆ ಸೋಮಾರಿತನ, ಎಳೆದು ಬಿಗಿಯುವುದಕ್ಕೆ ಮಾತ್ರ ಹತ್ತು ಜನ. ನಮ್ಮ ಸೊಸೆ ಮಂಜಿಯೂ ಮದುವೆಯಾಗಿ ಬಂದ ವರ್ಷ ಹೀಗೇ ಮಾಡಿದ್ದಳು, ಒಣಹಾಕುವ ಬಲೆ ಮರಳಿಗೆ ತಾಗಬಾರದೆಂದು ಹಗ್ಗ ಬಿಗಿದೂ ಬಿಗಿದೂ ಕಟ್ಟಿದಳು, ಒದ್ದೆ ಬಲೆ ಹರವಿದ್ದೇ ತಡ ಎರಡೂ ಗೂಟ ಕಿತ್ತು ಒಳಗೆ ಬಿದ್ದವು, ಗೂಟ ಎತ್ತರ ಮಾಡೇ ಮಾರಾಯ್ತಿ ಅಂದೆ, ಮರುದಿನ ಮಾಡಿದಳು, ಒಂದೇ ಸಲಕ್ಕೆ ಕಲಿತಳು. ಹಗ್ಗ ಓರೆಯಾದರೆ ತಾನೇ ಭಾರವನ್ನು ಮೇಲಕ್ಕೆ ಎಳೆಯುವುದು, ಅಡ್ಡಕ್ಕೆ ನೇರ ಬಿಗಿದ ಹಗ್ಗ ಮರವನ್ನು ಮರದ ಕಡೆ ಎಳೆಯುತ್ತದೆ, ಒಂದು ಪಾಲು ಭಾರಕ್ಕೆ ಹತ್ತು ಪಾಲು ಸೆಳೆತ, ನೈಲಾನಿಗೂ ಅಷ್ಟೇ, ಕತ್ತಕ್ಕೂ ಅಷ್ಟೇ, ಇದಕ್ಕೆ ಶಾಲೆ ಬೇಕಾ — ಅಯ್ಯೋ, ಬೋಟಿನೊಳಗೆ ಇಳಿದವನು ಯಾರು, ವೆಂಕಟ, ದಾಸನ ಮಗ, ಅಪ್ಪನ ಕಾಲು ಹೋದ ಜಾಗದಲ್ಲೇ ಇಂಜಿನ್ ಹಿಡಿದು ನಿಂತಿದ್ದಾನೆ, ಬೋಟು ಹತ್ತಿದೆ ನಾನೂ, ಸೀರೆ ಎತ್ತಿ ಕಟ್ಟಿ ಹತ್ತಿದೆ, ಅತ್ತೆ ಎಂತ ಮಾಡ್ತೆ ಇಳಿ ಅನ್ನುತ್ತಾನೆ ವೆಂಕಟ, ನೀ ಇಳಿ ಮೊದಲು, ಇಳಿದ, ಇಂಜಿನ್ನಿಗೆ ಒತ್ತಿ ಕಾಲು ಚಾಚಿ ಕೂತೆ, ಎತ್ತು ರಮಾನಂದ, ನಿನ್ನ ನೈಲಾನಿನ ಮೇಲೆ ಅಷ್ಟು ನಂಬಿಕೆ ಇದ್ದರೆ ಎತ್ತು. ಯಾರೂ ನಗುವುದಿಲ್ಲ. ಮುದುಕಿಗೆ ಹುಚ್ಚು ಅಂದ ರಮಾನಂದ, ಅಂದರೂ ರಾಟೆಯ ಸರಪಳಿಗೆ ಕೈ ಹಾಕಲಿಲ್ಲ, ಗಂಟಿನ ಹತ್ತಿರ ಹೋದ, ಒಂದು ಗೇಣು ಸಡಿಲ ಬಿಟ್ಟ, ಆತಾ ಅಂದ. ಸಾಲದು ಅಂದೆ. ಮರ ಹತ್ತು, ಮೇಲೆ ಕಟ್ಟು. ತಲೆಯ ಮೇಲೆ ಹಗ್ಗ ಇನ್ನೂ ನೇರ, ಇನ್ನೂ ನೇರ, ನಾ ಏಳುವುದಿಲ್ಲ —